ಸಿಂಗ್ರಿಗೌಡರ ಮಹಾಧೂಮಪೇಟಿಕಾ ವಿಜಯ

ಧೂಮದೇವಿಯೇ, ಒಲೆಯ ಬಾಯಿಂದ ಹೊರಟು ಹಂಚಿನ ಸಂದಿಯಲ್ಲಿ ನುಸುಳಿ, ಮನೆಯವರ ಮೂಗಿಗಿಂತ ಮೊದಲು ನೆರೆಮನೆಯವರ ಮೂಗು ಸೇರುವವಳೇ, ಈ ಕಥೆ ಮುಗಿಯುವ ತನಕ ನನ್ನ ಕಣ್ಣಲ್ಲಿ ನೀರು ತರಿಸಬೇಡ. ಕೇಳುವವರ ಬಾಯಲ್ಲಿ ಬೇಕಾದರೆ ತರಿಸು. ರಾಜ್ಯ ಗೆದ್ದವರನ್ನು ಹಾಡುವವರು ಬೇಕಾದಷ್ಟಿದ್ದಾರೆ, ಅವರಿಗೆಲ್ಲ ಸಂಭಾವನೆಯೂ ಸಂದಿದೆ. ನಾನು ಹಾಡುವುದು ಒಂದು ಕಬ್ಬಿಣದ ಪೆಟ್ಟಿಗೆಯನ್ನು ಗೆದ್ದು ತಂದವರ ಕಥೆ. ಸಂಭಾವನೆಗೆ ಬದಲು ಒಂದು ಹೊತ್ತಿನ ಊಟ ಸಿಕ್ಕಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಕೇಳಿ. ಮನುಷ್ಯರು ಗ್ಯಾಸಿನ ಒಲೆಯ ಮೇಲೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಡುಗೆ ಮುಗಿಸಿ, ಹಾಗೆ ಉಳಿಸಿದ ಹೊತ್ತನ್ನೆಲ್ಲ ಪರದೇಶದವರು ದಿನವಿಡೀ ಒಂದೇ ಒಂದು ಕುರಿಯ ತೊಡೆ ಬೇಯಿಸುವುದನ್ನು ಮೊಬೈಲಿನಲ್ಲಿ ನೋಡುತ್ತ ಕಳೆಯುತ್ತಿದ್ದ ಮಹಾಯುಗವದು. ಆ ಯುಗದಲ್ಲಿ, ಕಾವೇರೀಕುಲ್ಯಾಜಲಪೋಷಿತೇಕ್ಷುಕ್ಷೇತ್ರಮಂಡಿತವಾದ ಮಂಡ್ಯ ಪಟ್ಟಣದಲ್ಲಿ, ಸೀಟೀನಿನಾದಸ್ತಂಭಿತಬಾಲವೃಂದರೂ, ಇಕ್ಷುತ್ವಗ್ಧೂಮಧೂಸರಿತಶ್ಮಶ್ರುಮಂಡಲರೂ, ಪರಿಮಳಮಾತ್ರಾನುಮಿತಮಾಂಸಪಾಕರೂ ಆದ ಸಿಂಗ್ರಿಗೌಡರೆಂಬ ವೀರರಿದ್ದರು. ಬಿಡಿಸಿ ಹೇಳುವುದಾದರೆ, ಅವರು ಹೈಸ್ಕೂಲಿನ ನಿವೃತ್ತ ಡ್ರಿಲ್ ಮೇಷ್ಟ್ರು. ಸೀಟಿ ಊದಿ ಮೈದಾನದ ಮಕ್ಕಳನ್ನೆಲ್ಲ ನಿಂತಲ್ಲೇ ನಿಲ್ಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಕಬ್ಬಿನ ಸಿಪ್ಪೆಯ ಹೊಗೆಯಲ್ಲಿ ಬಾಡು ಬೇಯಿಸಿ, ಬೆಂದದ್ದನ್ನು ವಾಸನೆಯಿಂದಲೇ ಹೇಳುವ ವಿದ್ಯೆಗೆ ಇಳಿದು, ಬಿಳಿಯ ಮೀಸೆಯನ್ನು ಹಳದಿ ಮಾಡಿಕೊಂಡಿದ್ದರು. ಇಷ್ಟೊಂದು ಬಿರುದುಗಳಿದ್ದರೂ ಮನೆಯಲ್ಲಿ ಅವರನ್ನು ಕರೆಯುತ್ತಿದ್ದುದು ‘ಏನೂಂದ್ರೆ’ ಎಂದು.

ಹಾಗೆ ಕರೆಯುತ್ತಿದ್ದವರು ಅವರ ಧರ್ಮಪತ್ನಿ, ಭಸ್ಮಮಾರ್ಜನಪರಿಶ್ರಾಂತಹಸ್ತಪಲ್ಲವೆಯಾದ ಸರ್ವಮಂಗಳಮ್ಮ. ಅಂದರೆ, ಗಂಡ ಹೊಗೆ ಹಾಕಿ ಬಿಟ್ಟ ಪಾತ್ರೆಪಡಗಗಳ ಬೂದಿ ತೊಳೆದು ಕೈ ಸವೆದಿದ್ದವರು. ಅವರಿಗೊಬ್ಬ ತಮ್ಮ, ಶಿವನಂಜು. ಹೊಸ ಮನೆ ಕಟ್ಟಿಸಿದ್ದ, ಹೊಸ ಕಾರು ಕೊಂಡಿದ್ದ, ಯಾವ ವಿಷಯ ಎತ್ತಿದರೂ ಅದರಲ್ಲಿ ಕರೆಂಟಿನದ್ದು ಬಂದಿದೆಯಲ್ಲ ಎನ್ನುವವನು. ಭಾವನಿಗೂ ಬಾಮೈದನಿಗೂ ಎಣ್ಣೆ ಸೀಗೆಕಾಯಿ. ಆದರೂ ಹಬ್ಬಕ್ಕೆ ಒಬ್ಬರಿಲ್ಲದೆ ಇನ್ನೊಬ್ಬರಿಗೆ ತುತ್ತು ಇಳಿಯುತ್ತಿರಲಿಲ್ಲ.

ಇನ್ನು ಯುದ್ಧದ ಕಾರಣ. ಯುಗಾದಿಯಂದು ಬೇವುಬೆಲ್ಲ ತಿಂದು, ಒಬ್ಬಟ್ಟು ಉಂಡು, ಸಾಧುಗಳ ಹಾಗೆ ಮಲಗುವ ಆ ಸೀಮೆಯ ಜನ ಮಾರನೆಯ ದಿನ ಕೋಳಿಗಿಂತ ಮೊದಲೇ ಎದ್ದು ಬಾಡಿನ ಯೋಚನೆಗೆ ಕೂರುತ್ತಾರೆ. ಅದು ಹೊಸತೊಡಕು. ಆ ದಿನ ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬುದು ನಂಬಿಕೆ. ಆ ದಿನ ಜಗಳವಾಡಿದವನಿಗೆ ವರ್ಷವೆಲ್ಲ ಜಗಳ, ಬಾಡು ತಿಂದವನಿಗೆ ವರ್ಷವೆಲ್ಲ ಬಾಡು. ಸಿಂಗ್ರಿಗೌಡರ ಬಂಧುಬಳಗವೆಲ್ಲ ಆ ದಿನ ಅವರ ಹಿತ್ತಲಿನ ಸೀಬೆ ಮರದ ಕೆಳಗೆ ಸೇರುವುದು ವಾಡಿಕೆ. ಅಲ್ಲಿ ಅವರು ಬಕೀಟಿನಷ್ಟೇ ಇದ್ದ ತಮ್ಮ ಪುಟ್ಟ ಹೊಗೆಪೆಟ್ಟಿಗೆಯ ಜರಡಿಯ ಮೇಲೆ ತುಂಡುಗಳನ್ನು ಹರಡಿ, ಸಿಪ್ಪೆಯ ಹೊಗೆ ಕೊಟ್ಟು, ಒಂದೊಂದು ಪಂಕ್ತಿಗೂ ಬಿಸಿಬಿಸಿಯಾಗಿ ಬಡಿಸುತ್ತಿದ್ದರು.

ಹೋದ ವರ್ಷದ ಹೊಸತೊಡಕಿನಲ್ಲಿ ನೆಂಟರು ಹೆಚ್ಚಾದರು. ಪೆಟ್ಟಿಗೆ ಹೆಚ್ಚಾಗಲಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ಎದ್ದು, ಕೊನೆಯ ಪಂಕ್ತಿಗೆ ಕೂತವರಲ್ಲಿ ಚನ್ನಾಜಮ್ಮನೂ ಒಬ್ಬಳು. ಈಕೆ ಸಿಂಗ್ರಿಗೌಡರ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು, ತನ್ನ ಬಾಯಿಯ ತುತ್ತು ಅವನ ಬಾಯಿಗಿಟ್ಟು ಸಾಕಿದವಳು. ಈಗ ಕಟ್ಟೆದೊಡ್ಡಿಯಲ್ಲಿ ಮಗನ ಜೊತೆಗಿದ್ದಾಳೆ. ಬೆಳಗಿನಿಂದ ಹೊಗೆಯಲ್ಲಿ ನಿಂತಿದ್ದ ಸಿಂಗ್ರಿಗೌಡರೂ ಅಕ್ಕನ ಪಕ್ಕದಲ್ಲೇ ಕೂತು, ಸುತ್ತಲಿನವರ ಹೊಗಳಿಕೆ ಕೇಳುತ್ತ, ಎಲೆಯಲ್ಲಿ ಏನಿತ್ತೆಂದೂ ನೋಡದೆ ಗಬಗಬನೆ ಉಂಡೆದ್ದರು. ಆಮೇಲೆ ಎಲೆ ಎತ್ತುವಾಗ ಕಣ್ಣಿಗೆ ಬಿತ್ತು: ಎಲ್ಲರ ಎಲೆಯ ಅಂಚಿನಲ್ಲೂ ಮೂಳೆಯ ರಾಶಿ, ಅಕ್ಕನ ಎಲೆಯಲ್ಲಿ ಒಂದು ಚೂರು ಮೂಳೆಯೂ ಇಲ್ಲ. ಅವಳು ಬರೀ ಮುದ್ದೆ ಉಪ್ಸಾರು ಉಂಡು, ಹೊಟ್ಟೆ ತುಂಬಿತು ಎಂದು ಹೇಳಿ ಬಸ್ಸು ಹತ್ತಿದ್ದಳು. ಹೊಸತೊಡಕಿನ ದಿನ, ಒಡಹುಟ್ಟಿದ ತಮ್ಮನ ಮನೆಯಲ್ಲಿ, ಅಕ್ಕನಿಗೆ ಬಾಡಿಲ್ಲ. ಅಂದರೆ ವರ್ಷವೆಲ್ಲ ಇಲ್ಲ. ಸಿಂಗ್ರಿಗೌಡರಿಗೆ ಸಂಕಟವಾಯಿತು. ನಾಚಿಕೆಯೂ ಆಯಿತು.

ಈ ಹುಣ್ಣಿನ ಮೇಲೆ ಉಪ್ಪು ಹಾಕಿದವನು ಶಿವನಂಜು. ಈ ವರ್ಷ ಯುಗಾದಿ ಹತ್ತಿರವಾಗುತ್ತಿದ್ದಂತೆ ಬಂದು, ಕಾಫಿ ಕುಡಿಯುತ್ತ, ಎಲ್ಲರೆದುರಿಗೆ ಹೇಳಿದ:

“ಈ ಸಲ ಹೊಸತೊಡಕ ನಮ್ಮನೇಲೇ ಮಾಡನ ಬುಡಿ ಭಾವ. ಅಲ್ಲಾದ್ರೆ ಎಲ್ರಿಗೂ ಸಿಕ್ತದೆ.”

ಆ ‘ಎಲ್ರಿಗೂ’ ಎಂಬ ಮಾತು ಸಿಂಗ್ರಿಗೌಡರ ಎದೆಗೆ ನಾಟಿತು. ಅವರು ಎದ್ದು ನಿಂತರು. ಮಣಿಕಟ್ಟಿನ ಗಡಿಯಾರವನ್ನು ಮೇಲಕ್ಕೆ ಸರಿಸಿದರು. ಎಲೈ ಶ್ಯಾಲಕಾಧಮನೇ, ವಿದ್ಯುದ್ಯಂತ್ರಮೋಹಿತನೇ, ಈ ಹಿತ್ತಲಿನ ಸೀಬೆ ವೃಕ್ಷವು ಸಾಕ್ಷಿಯಾಗಿ, ಮೇಷಯುಗಳವನ್ನು ಸಮಗ್ರವಾಗಿ ನುಂಗಬಲ್ಲ ಮಹಾಧೂಮಪೇಟಿಕೆಯನ್ನು ತಂದು ಪ್ರತಿಷ್ಠಾಪಿಸಿ, ನನ್ನ ಅಗ್ರಜೆಗೆ ಪ್ರಥಮಖಂಡವನ್ನು ಅರ್ಪಿಸದೆ ಹೋದರೆ, ಈ ಮೀಸೆಯನ್ನು ಕ್ಷೌರಿಕನ ಕೈಗೆ ಒಪ್ಪಿಸುವೆನು ಎಂಬ ಅರ್ಥದ ಒಂದು ಪ್ರತಿಜ್ಞೆಯನ್ನು ಮಾಡಿದರು. ಬಾಯಲ್ಲಿ ಆಡಿದ್ದು ಮಾತ್ರ ಇಷ್ಟೇ: “ನಮ್ಮನೇಲೇ. ದೊಡ್ದು ತತ್ತೀನಿ.”

ಸರ್ವಮಂಗಳಮ್ಮ ಆಗ ಅವರೆಕಾಯಿ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ, ಆದರೆ ಸುಲಿಯುವ ಸದ್ದು ನಿಂತಿತು. ಯುದ್ಧ ಶುರುವಾದದ್ದು ಆ ಗಳಿಗೆಯಿಂದ ಎಂದು ನನ್ನ ಅಭಿಪ್ರಾಯ.

ಮುಂದಿನ ಭಾನುವಾರ ಮೂವರೂ ಶಿವನಂಜುವಿನ ಕಾರಿನಲ್ಲಿ ಮೈಸೂರಿಗೆ ದಂಡೆತ್ತಿ ಹೋದರು. ಅಲ್ಲೊಂದು ವಿಶಾಲವಾದ ಮಳಿಗೆ. ತೋಟದ ಕುರ್ಚಿ, ಉಯ್ಯಾಲೆಗಳನ್ನು ದಾಟಿ ಒಳಗೆ ಹೋದರೆ ಹೊಗೆಪೆಟ್ಟಿಗೆಗಳ ಸೈನ್ಯವೇ ನಿಂತಿತ್ತು. ಪೀಪಾಯಿಯ ಹಾಗೆ ನೆಟ್ಟಗೆ ನಿಂತವು, ಕೊಡದ ಹಾಗೆ ಹೊಟ್ಟೆ ಬಿಟ್ಟವು, ಬೀರುವಿನ ಹಾಗೆ ಬಾಗಿಲು ಮುಚ್ಚಿಕೊಂಡವು. ಎಲ್ಲಕ್ಕೂ ಹಿಂದೆ, ಗೋಡೆಯ ಉದ್ದಕ್ಕೂ, ಚಕ್ರದ್ವಯವಿಭೂಷಿತವೂ ಪಾರ್ಶ್ವಾಗ್ನಿಕುಂಡಸಮನ್ವಿತವೂ ಊರ್ಧ್ವಧೂಮನಾಲವಿರಾಜಿತವೂ ಆದ ಒಂದು ಕರಿಯ ಕಬ್ಬಿಣದ ಮಹಾಕಾಯ ಅಡ್ಡಡ್ಡ ಮಲಗಿತ್ತು. ಬದಿಯಲ್ಲಿ ಬೆಂಕಿಗೆ ಬೇರೆ ಗೂಡು, ತುದಿಯಲ್ಲಿ ಹೊಗೆಗೆ ಕೊಳವೆ, ಒಳಗೆ ತೊಡೆಗಳನ್ನು ನೇತುಹಾಕಲು ಕೊಕ್ಕೆಗಳು. ಸಿಂಗ್ರಿಗೌಡರು ಅದನ್ನು ನೋಡಿದ್ದೇ ಉಳಿದವೆಲ್ಲ ಅವರ ಕಣ್ಣಿಂದ ಮಾಯವಾದವು.

ಮಳಿಗೆಯ ಹುಡುಗ, ಟೈ ಕಟ್ಟಿದ್ದವನು, ಎಷ್ಟು ಜನಕ್ಕೆ ಸಾರ್ ಎಂದು ವಿನಯದಿಂದ ಕೇಳಿದ. ಇದು ಧರ್ಮಸೂಕ್ಷ್ಮದ ಪ್ರಶ್ನೆ. ವರ್ಷಕ್ಕೊಮ್ಮೆ ಮನೆ ತುಂಬ ಜನ, ಉಳಿದ ದಿನ ಗಂಡಹೆಂಡತಿ ಇಬ್ಬರೇ. ಪೆಟ್ಟಿಗೆಯನ್ನು ಯಾವ ದಿನಕ್ಕೆ ಅಳೆಯಬೇಕು? ಸಿಂಗ್ರಿಗೌಡರು ಹೊಸತೊಡಕಿಗೆ ಅಳೆದರು, ಸರ್ವಮಂಗಳಮ್ಮ ಮಾರನೆಯ ದಿನಕ್ಕೆ ಅಳೆದರು. ಅಲ್ಲಿಗೆ ಇಬ್ಬರ ಸೇನೆಗಳೂ ಎದುರುಬದುರಾದವು.

ಮೊದಲು ಬಾಣ ಬಿಟ್ಟವನು ಶಿವನಂಜು. ಬೀರುವಿನಂಥ ಪೆಟ್ಟಿಗೆಯನ್ನು ತಟ್ಟಿ, ಇದಕ್ಕೆ ಕರೆಂಟು ಸಾಕು, ಕಟ್ಟಿಗೆ ಬೇಡ, ಮಂಚದ ಮೇಲೆ ಮಲಗಿ ಮೊಬೈಲಿನಲ್ಲೇ ಉರಿ ಏರಿಸಿ ಇಳಿಸಬಹುದು ಎಂದು ಹೊಗಳಿದ. ಸಿಂಗ್ರಿಗೌಡರು ಒಂದೇ ಮಾತಿಗೆ ಅವನ ರಥ ಮುರಿದರು. ಮಂಡ್ಯದಲ್ಲಿ ಹಬ್ಬದ ದಿನ ಕರೆಂಟು ಇರುತ್ತದೆಂದು ಬರೆದುಕೊಡುತ್ತೀಯಾ ಎಂದು ಕೇಳಿದರು. ಶಿವನಂಜು ಹಿಮ್ಮೆಟ್ಟಿ ಒಂದು ಉಯ್ಯಾಲೆಯಲ್ಲಿ ಕೂತ.

ಆಮೇಲೆ ಸರ್ವಮಂಗಳಮ್ಮನ ಸರದಿ. ಆಕೆ ಪೀಪಾಯಿಯಂಥದ್ದರ ಮುಂದೆ ನಿಂತಿದ್ದರು. ಹಳೆಯದಕ್ಕಿಂತ ದೊಡ್ಡದು, ಮಹಾಕಾಯಕ್ಕಿಂತ ಎಷ್ಟೋ ಚಿಕ್ಕದು. ಬೂದಿಗೆ ಕೆಳಗೊಂದು ತಟ್ಟೆ. ಬಟ್ಟೆ ಒಣಹಾಕುವ ತಂತಿಯ ಪಕ್ಕ ಇಟ್ಟರೂ ಓಡಾಡಲು ಜಾಗ ಉಳಿಯುತ್ತದೆ. ದೊಡ್ಡದು ಕಾಯುವುದಕ್ಕೇ ಅರ್ಧ ದಿನ ಬೇಕು, ಅಷ್ಟು ಇದ್ದಿಲು ಯಾರು ತರುತ್ತಾರೆ, ಮಳೆ ಬಂದರೆ ಅದಕ್ಕೆ ಟಾರ್ಪಾಲು ಹೊದಿಸುವವರು ಯಾರು ಎಂದು ಆಕೆ ಒಂದೊಂದಾಗಿ ಕೇಳಿದರು. ಪ್ರಶ್ನೆಗಳು ಬಂದ ಹಾಗೆಲ್ಲ ಸಿಂಗ್ರಿಗೌಡರು ಮಹಾಕಾಯದ ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ ಆಕೆ ಅದರ ಮುಚ್ಚಳ ಎತ್ತಿಸಿ ಒಳಗೆ ಕೈ ಹಾಕಿದರು. ದಪ್ಪ ಸರಳುಗಳ ಸಂದಿಯಲ್ಲಿ ಕೈ ಬಳೆಯ ಸಮೇತ ಕೆಳಗಿಳಿಯಿತು.

“ಇದೇನಪ್ಪ, ಈ ಸಂದೀಲಿ ನನ್ ಕೈಯೇ ತೂರ್ತದೆ.”

ಮಹಾವೀರರ ಕಥೆಗಳಲ್ಲಿ ಹೀಗೊಂದು ಎಚ್ಚರಿಕೆಯ ಮಾತು ಬರುತ್ತದೆ, ಮಹಾವೀರರು ಅದನ್ನು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿದು ನನಗೂ ಊಟ ತಪ್ಪುತ್ತಿತ್ತು. ಸಿಂಗ್ರಿಗೌಡರು ನಕ್ಕು, ತೊಡೆ ಎಂದಾದರೂ ಸಂದಿಯಲ್ಲಿ ತೂರುತ್ತದೆಯೇ ಎಂದರು. ತೊಡೆಯ ಅಳತೆ ನೋಡಲು ಅಲ್ಲಿ ಕುರಿ ಇರಲಿಲ್ಲ. ಆದ್ದರಿಂದ ಆ ಧೀರರು ಪ್ಯಾಂಟು ಮಡಿಚಿ, ಚಪ್ಪಲಿ ಬಿಟ್ಟು, ಮುಕ್ಕಾಲಿಯ ಮೇಲೆ ಹತ್ತಿ, ತಮ್ಮ ಬಲಗಾಲನ್ನೇ ಪೆಟ್ಟಿಗೆಯೊಳಗೆ ಚಾಚಿದರು. ಮೊಣಕಾಲಿನವರೆಗೆ ಸಲೀಸಾಗಿ ಹೋಯಿತು. ಇನ್ನೂ ಎಷ್ಟೋ ಜಾಗ ಉಳಿದಿತ್ತು. ಟೈ ಕಟ್ಟಿದ ಹುಡುಗ ಗಾಬರಿಯಿಂದ ಅತ್ತಿತ್ತ ನೋಡಿದ. ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಸರ್ವಮಂಗಳಮ್ಮ, ಆ ಕಾಲನ್ನು ಹೊರಗೆ ತೆಗೆದರೆ ಮಾತ್ರ ಸಂಧಾನಕ್ಕೆ ಬರುವುದಾಗಿ ತಿಳಿಸಿದರು.

ಸಂಧಾನ ಉಯ್ಯಾಲೆಯ ಹತ್ತಿರ ನಡೆಯಿತು. ಆಗ ಸಿಂಗ್ರಿಗೌಡರು ಮೊದಲ ಸಲ ನಿಜವಾದ ಕಾರಣ ಹೇಳಿದರು. ಅಕ್ಕನ ಎಲೆಯಲ್ಲಿ ಮೂಳೆ ಇರಲಿಲ್ಲ ಎಂಬುದನ್ನು ಹೇಳುವಾಗ ಮೈದಾನಕ್ಕೆಲ್ಲ ಕೇಳುತ್ತಿದ್ದ ಆ ದನಿ ಸಣ್ಣಗಾಯಿತು. ಸರ್ವಮಂಗಳಮ್ಮನಿಗೂ ಅತ್ತಿಗೆಯನ್ನು ಕಂಡರೆ ಜೀವ.

“ತಗಳಿ, ಬ್ಯಾಡ ಅನ್ನಾಕಿಲ್ಲ. ಬೂದಿ ತೆಗ್ಯೋದು, ಜಿಡ್ಡು ಉಜ್ಜೋದು ಎಲ್ಲ ನಿಮ್ದೇ. ನಾನು ಅದ್ರ ತಾವ ಸುಳ್ಯಾಕಿಲ್ಲ.”

ಇದಕ್ಕೆ ಒಪ್ಪಿ ಸಿಂಗ್ರಿಗೌಡರು ವಿಜಯಿಗಳಾದರು. ಬೂದಿಯ ಷರತ್ತಿಗೆ ಸಹಿ ಹಾಕಿದ ಮೇಲೂ ಗೆದ್ದೆನೆಂದು ತಿಳಿಯುವ ಗಂಡಸಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಮಹಾಪೇಟಿಕೆ ಗೂಡ್ಸ್ ಆಟೋದಲ್ಲಿ ಕೂತು ಮಂಡ್ಯವನ್ನು ಪ್ರವೇಶಿಸಿತು. ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಸಿಂಗ್ರಿಗೌಡರು ಅದನ್ನೇ ನೋಡುತ್ತ ಬಂದರು. ಬೀದಿಯ ಜನ ಕಬ್ಬಿಣದ ಶವಪೆಟ್ಟಿಗೆಯೋ ರೋಡ್ ರೋಲರಿನ ಮರಿಯೋ ಎಂದು ಎದ್ದುನಿಂತು ನೋಡಿದರು. ಸೀಬೆ ಮರದ ಒಂದು ಕೊಂಬೆ ಕಡಿದು ಅದಕ್ಕೆ ಜಾಗ ಮಾಡಿದ್ದಾಯಿತು, ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದ್ದಾಯಿತು. ಅದೇ ಸಂಜೆ ಸಿಂಗ್ರಿಗೌಡರು ಅಕ್ಕನಿಗೆ ಫೋನ್ ಮಾಡಿ, ದೊಡ್ಡ ಪೆಟ್ಟಿಗೆ ಬಂದಿದೆ, ಎಷ್ಟು ಬಾಡು ಬೇಕಾದರೂ ಹಿಡಿಯುತ್ತದೆ, ಎಂದಿನ ಹಾಗೆ ನೀನೇ ತೆಗೆದುಕೊಂಡು ಬಾ ಎಂದರು.

ಎಂದಿನ ಹಾಗೆ ಎಂದದ್ದೇ ತಪ್ಪಾಯಿತು.

ಯಾಕೆಂದರೆ ಅವರ ಮನೆಗೆ ಹೊಸತೊಡಕಿನ ಬಾಡು ಯಾವತ್ತೂ ಬರುತ್ತಿದ್ದುದು ಕಟ್ಟೆದೊಡ್ಡಿಯ ಗುಡ್ಡೆಯಿಂದ. ಊರಿನವರೆಲ್ಲ ಸೇರಿ ಕುರಿ ಕೊಂಡು, ಕುಯ್ದು, ಎಲೆಗಳ ಮೇಲೆ ಸಮಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿ ಅದು. ಒಂದೊಂದು ಗುಡ್ಡೆಗೂ ಒಂದಿಷ್ಟು ಈಲಿ, ಅಂದರೆ ಲಿವರು, ಒಂದಿಷ್ಟು ಕೊಬ್ಬು, ಒಂದಿಷ್ಟು ಮೂಳೆ, ಒಂದಿಷ್ಟು ಮೆತ್ತನೆಯದು. ಒಬ್ಬನಿಗೆ ತೊಡೆ, ಇನ್ನೊಬ್ಬನಿಗೆ ಕತ್ತು ಎಂಬ ಮಾತೇ ಇಲ್ಲ. ಹಾಗಾಗಬೇಕಾದರೆ ಇಡೀ ಕುರಿಯನ್ನು ಸಣ್ಣದಾಗಿ ಕತ್ತರಿಸಲೇಬೇಕು. ಮೊಬೈಲಿನಲ್ಲಿ ಪರದೇಶದ ತೊಡೆಗಳನ್ನು ನೋಡಿ ನೋಡಿ, ತಮ್ಮ ಕಾಲನ್ನೇ ಅಳತೆ ಕೊಟ್ಟು ಬಂದ ಸಿಂಗ್ರಿಗೌಡರು, ಹುಟ್ಟಿದಾಗಿನಿಂದ ತಾವು ತಿಂದ ಹಬ್ಬದ ಬಾಡು ಯಾವ ಆಕಾರದಲ್ಲಿತ್ತು ಎಂಬುದನ್ನೇ ಮರೆತಿದ್ದರು.

ಹೊಸತೊಡಕಿನ ಬೆಳಗು. ಬಂಧುಗಳೆಲ್ಲ ನೆರೆದಿದ್ದರು. ಪಾರ್ಶ್ವಾಗ್ನಿಕುಂಡದಲ್ಲಿ ಕರಟದ ಇದ್ದಿಲು ಕೆಂಪಗಾಗಿತ್ತು, ಕಬ್ಬಿನ ಸಿಪ್ಪೆ ರಾಶಿ ಬಿದ್ದಿತ್ತು, ಕೊಕ್ಕೆಗಳು ಥಳಥಳ ಹೊಳೆಯುತ್ತಿದ್ದವು. ಸಿಂಗ್ರಿಗೌಡರು ಸೀಟಿ ಊದಿ ಎಲ್ಲರನ್ನೂ ದೂರ ನಿಲ್ಲಿಸಿದ್ದರು. ಆಗ ಚನ್ನಾಜಮ್ಮ ಬಂದಳು, ಮಗನ ಬೈಕಿನಿಂದಿಳಿದು, ಮುತ್ತುಗದ ಎಲೆ ಮುಚ್ಚಿದ ದೊಡ್ಡ ಕುಕ್ಕೆ ಹೊತ್ತು. ತಮ್ಮ ಓಡಿಹೋಗಿ ಕುಕ್ಕೆ ಇಳಿಸಿಕೊಂಡು ಎಲೆ ಸರಿಸಿದರು. ಒಳಗೆ ಇದ್ದದ್ದು ಹೆಬ್ಬೆರಳಿನ ಗಾತ್ರದ ತುಂಡುಗಳು. ಕೆಲವು ಅದಕ್ಕಿಂತಲೂ ಚಿಕ್ಕವು.

ಅಕ್ಕ ಸಂತೋಷದಿಂದ ವಿವರಿಸಿದಳು. ಈ ಸಲ ತಮ್ಮನ ಮನೆಯಲ್ಲಿ ಜನ ಜಾಸ್ತಿ ಎಂದು ಹೆಚ್ಚು ಗುಡ್ಡೆ ತೆಗೆದುಕೊಂಡಿದ್ದಳಂತೆ. ಸಾಲದು ಎಂದು, ಕತ್ತರಿಸುವವನ ಪಕ್ಕದಲ್ಲೇ ಕೂತು, ಇನ್ನೂ ಸಣ್ಣದು ಮಾಡಿಸಿದ್ದಳಂತೆ. ಎಲ್ಲರಿಗೂ ಸಿಗಲಿ ಎಂದು.

ಸಿಂಗ್ರಿಗೌಡರು ಕೊಕ್ಕೆಗಳನ್ನು ನೋಡಿದರು, ಕುಕ್ಕೆಯನ್ನು ನೋಡಿದರು. ಆದರೂ ವೀರರು ರಣರಂಗದಿಂದ ಓಡುವುದಿಲ್ಲ. ಮೊದಲ ಹಿಡಿಯನ್ನು ಸರಳುಗಳ ಮೇಲೆ ಹರಡಿದರು. ತುಂಡುಗಳು ಒಂದರ ಹಿಂದೊಂದು ಸಂದಿಯಲ್ಲಿ ತೂರಿ ಕೆಳಗಿನ ಕತ್ತಲೆಯಲ್ಲಿ ಕಣ್ಮರೆಯಾದವು. ಬಗ್ಗಿ ನೋಡಿದವರಿಗೆ ಈಲಿಯ ಚೂರೊಂದು ಬೂದಿಯಲ್ಲಿ ಹೊರಳುವುದು ಕಂಡಿತು. ಶಿವನಂಜು ಬಾಯಿ ತೆರೆದ. ಅವನ ಅಕ್ಕ ಸರ್ವಮಂಗಳಮ್ಮ ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿದರು. ಆಮೇಲೆ ಸಿಂಗ್ರಿಗೌಡರು ಒಂದು ಸ್ಟೀಲ್ ತಟ್ಟೆ ತಂದು ತುಂಡುಗಳನ್ನು ಅದರ ಮೇಲೆ ಹರಡಿದರು. ತಟ್ಟೆ ಕಾಯಲಿಲ್ಲ, ಯಾಕೆಂದರೆ ಅಷ್ಟು ದೊಡ್ಡ ಕಬ್ಬಿಣವೇ ಇನ್ನೂ ಕಾದಿರಲಿಲ್ಲ. ಇದ್ದಿಲಿನ ಚೀಲ ಒಂದಾದ ಮೇಲೊಂದು ಖಾಲಿಯಾದರೂ ಮಹಾಕಾಯ ಬೆಚ್ಚಗಾಯಿತೇ ಹೊರತು ಬಿಸಿಯಾಗಲಿಲ್ಲ. ಮಕ್ಕಳು ಹಸಿವೆಂದು ರಾಗ ತೆಗೆದವು. ದೊಡ್ಡವರು ಗಡಿಯಾರ ನೋಡದವರಂತೆ ನೋಡಿದರು.

ಆ ಹೊತ್ತಿಗೆ ಕುಕ್ಕೆ ಹಿತ್ತಲಿನಲ್ಲಿ ಇರಲಿಲ್ಲ. ಸರ್ವಮಂಗಳಮ್ಮ ಯಾರಿಗೂ ಹೇಳದೆ ಅದನ್ನು ಅಡುಗೆಮನೆಗೆ ಒಯ್ದು, ಮಸಾಲೆ ಅರೆದು, ಗ್ಯಾಸಿನ ಮೇಲೆ ದೊಡ್ಡ ತಪ್ಪಲೆ ಏರಿಸಿದ್ದರು. ಸಾರಿನ ವಾಸನೆ ಕಿಟಕಿಯಿಂದ ಬಂದು ಹಿತ್ತಲನ್ನು ಸುತ್ತಿತು. ಬಂಧುಬಳಗ, ಯಾರೂ ಯಾರಿಗೂ ಹೇಳಿಕೊಳ್ಳದೆ, ಒಬ್ಬೊಬ್ಬರಾಗಿ ಒಳಗೆ ನಡೆದು ಎಲೆಯ ಮುಂದೆ ಕೂತಿತು. ಈ ಕಥೆ ಹೇಳುತ್ತಿರುವವನೂ ಅವರಲ್ಲೊಬ್ಬ.

ಕೊನೆಗೆ ಸಿಂಗ್ರಿಗೌಡರೂ ಬಂದರು. ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಮೊಳೆಗೆ ಹಾಕಿ, ಅಕ್ಕನ ಪಕ್ಕ ಕೂತರು. ಮುದ್ದೆ ಬಂತು, ಸಾರು ಬಂತು, ತುಂಡುಗಳು ಧಾರಾಳವಾಗಿ ಬಂದವು. ಅವರು ಮುಟ್ಟಲಿಲ್ಲ. ಅಕ್ಕ ಕೇಳಿದಳು, ಅಷ್ಟು ದೊಡ್ಡದನ್ನು ಯಾಕೆ ತಂದೆ ಎಂದು. ಅವರು ಎಲೆಯನ್ನೇ ನೋಡುತ್ತ ಉತ್ತರಿಸಿದರು.

“ನಿಂಗೇ ಕಣಕ್ಕ. ಹೋದ್ವರ್ಸ ನಿಂಗ್ ಸಿಗ್ಲಿಲ್ವಲ್ಲ. ನಾನು ನಿನ್ನೆಲೆ ನೋಡ್ದೆ.”

ಚನ್ನಾಜಮ್ಮನಿಗೆ ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ನೆನಪಾದ ಮೇಲೆ ನಕ್ಕಳು.

“ಬುಡ್ಲಾ, ಒಲೆ ಏನ್ ಮಾಡ್ತು ಪಾಪ. ನನ್ ಪಾಲು ನಂಗ್ ಬಂದಿತ್ತು. ನೀನು ಬೆಳಗ್ಗಿಂದ ಹೊಗೇಲಿ ನಿಂತು ಏನೂ ತಿಂದಿರ್ಲಿಲ್ಲ, ಅದ್ಕೆ ಎತ್ತಿ ನಿನ್ನೆಲೇಗ್ ಮಡಗ್ದೆ. ನೀನು ತಿಂದ್ಕಂಡು ಎದ್ದೋದೆ.”

ಒಂದು ವರ್ಷದ ಸಂಕಟ, ಮೀಸೆಯ ಮೇಲಿನ ಪ್ರತಿಜ್ಞೆ, ಮೈಸೂರಿನ ದಂಡಯಾತ್ರೆ, ಪೆಟ್ಟಿಗೆಯಲ್ಲಿ ಚಾಚಿದ ಕಾಲು, ಕಡಿದ ಸೀಬೆಯ ಕೊಂಬೆ, ಎಲ್ಲವೂ ಆ ಮಾತಿನೊಳಗೆ ಕುಸಿದುಬಿದ್ದವು. ಅಕ್ಕನ ಬಾಡನ್ನು ಕಸಿದ ವೈರಿಗಾಗಿ ಅವರು ಮೈಸೂರಿನ ತನಕ ಹುಡುಕಿದ್ದರು. ವೈರಿ ಅವರ ಹೊಟ್ಟೆಯಲ್ಲೇ ಇದ್ದ. ಹೊಗೆಯೆಲ್ಲ ಹೊರಗಿದ್ದುದರಿಂದ ಸಿಂಗ್ರಿಗೌಡರ ಕಣ್ಣೀರಿಗೆ ಅದರ ನೆಪವೂ ಸಿಗಲಿಲ್ಲ. ಹಿತ್ತಲಿನಲ್ಲಿ ಮಹಾಪೇಟಿಕೆ ಆಗತಾನೇ ಚೆನ್ನಾಗಿ ಕಾದಿತ್ತು. ಒಳಗೆ ಏನೂ ಇರಲಿಲ್ಲ.

ಅಷ್ಟರಲ್ಲಿ ಚನ್ನಾಜಮ್ಮನ ಕೈ ಅಭ್ಯಾಸಬಲದಿಂದ ತನ್ನ ಎಲೆಯ ಒಂದು ಮೆತ್ತನೆಯ ತುಂಡು ಎತ್ತಿ ತಮ್ಮನ ಎಲೆಗೆ ಹಾಕಿತು. ಈ ಸಲ ಅವರು ನೋಡಿದರು. ನೋಡಿ, ಅದನ್ನು ತಿರುಗಿ ಅಕ್ಕನ ಎಲೆಗೆ ಹಾಕಿದರು. ಅವಳು ಮತ್ತೆ ಇತ್ತ ಹಾಕಿದಳು. ಅವರು ಮತ್ತೆ ಅತ್ತ. ಮಂಡ್ಯದ ಆ ಮಹಾಯುದ್ಧ, ಕೊನೆಗೆ ಎರಡು ಎಲೆಗಳ ನಡುವೆ, ಒಂದು ತುಂಡಿನ ಮೇಲೆ, ಒಂದು ಮಾತಿಲ್ಲದೆ ಹೀಗೆ ನಡೆಯಿತು. ಸಾರಿನ ಸೌಟು ಹಿಡಿದು ನಿಂತಿದ್ದ ಸರ್ವಮಂಗಳಮ್ಮನಿಗೆ ಸಾಕಾಯಿತು.

“ಆರೋಯ್ತದೆ. ಯಾರಾದ್ರು ಒಬ್ರು ತಿನ್ನಿ.”

ಅಕ್ಕ ತಮ್ಮನ ಮುಖ ನೋಡಿದಳು. ಸಿಂಗ್ರಿಗೌಡರು ಸೋತು, ತುಂಡನ್ನು ಬಾಯಿಗೆ ಹಾಕಿಕೊಂಡರು. ಉಪ್ಪು ಒಂದು ಹರಳು ಕಡಿಮೆಯಾಗಿತ್ತು. ಹೆಂಡತಿಯ ಕಡೆ ಒಮ್ಮೆ ನೋಡಿ, ವರ್ಷವೆಲ್ಲ ಜಗಳ ಬೇಡವೆಂದು ನುಂಗಿದರು.